ಸೀಲ್ ಎರಡು ಸಲ ಬದಲಾಯಿಸಿದರೂ ಹಿಂದಿನ ಆಕ್ಸಲ್‌ನಿಂದ ಆಯಿಲ್ ಸೋರುತ್ತಿದೆ

ಹಳೇಗಾಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹುಲ್ಲು ಕತ್ತರಿಸುವ ಹಳೇ ಗಾರ್ಡನ್ ಟ್ರಾಕ್ಟರ್ ಇದೆ. ಗೇರಿನದು, ಹೈಡ್ರೋಸ್ಟಾಟಿಕ್ (ಆಯಿಲ್ ಒತ್ತಡದಿಂದ ಓಡುವಂಥದ್ದು) ಅಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಆಕ್ಸಲ್ ಎಲ್ಲವೂ ಒಂದೇ ಅಲ್ಯೂಮಿನಿಯಂ ಹೌಸಿಂಗ್ ಒಳಗೆ ಕೂತಿವೆ. ಒಳಗೆ 90 ನಂಬರಿನ ಗೇರ್ ಆಯಿಲ್.

ಹಿಂದಿನ ಎಡ ಚಕ್ರದ ಒಳಮೈಯಲ್ಲಿ ಆಯಿಲ್ ಸೋರುತ್ತಿದೆ. ಮೊದಲು ಗೊತ್ತೇ ಆಗಲಿಲ್ಲ. ಹುಲ್ಲಿನ ಪುಡಿ ಅಂಟಿಕೊಂಡು ರಿಮ್ಮಿಗೆ ಒಳಗಿನಿಂದ ಕಂಬಳಿ ಹೊದಿಸಿದ ಹಾಗಾಗಿತ್ತು. ಕೆರೆದು ನೋಡಿದರೆ ಕೆಳಗೆ ಕಪ್ಪು ಜಿಡ್ಡು.

ಆಕ್ಸಲ್ ಹೊರಬರುವ ಕಡೆ ಆಯಿಲ್ ತಡೆಯುವ ರಬ್ಬರ್ ಉಂಗುರವೇ ಸೀಲ್. ಮೊದಲ ಸೀಲ್ ಒಬ್ಬ ಮೆಕ್ಯಾನಿಕ್ ಹಾಕಿಕೊಟ್ಟರು. ಮೂರು ವಾರ ಬಾಳಿತು. ಎರಡನೆಯದನ್ನು ನಾನೇ ಹಾಕಿದೆ. ಹಳೇ ಸೀಲಿನ ಮೇಲೆ 25-40-7 ಅಂತ ಇತ್ತು, ಅದೇ ಸೈಜಿನದು ತಂದೆ. ಹನ್ನೆರಡೇ ದಿನಕ್ಕೆ ಮತ್ತೆ ಶುರು. ನನಗಿಂತ ಮೆಕ್ಯಾನಿಕ್ಕೇ ವಾಸಿ ಅಂತಾಯಿತು, ಅಲ್ವಾ.

ಗಾಡಿಯ ಕೆಳಗೆ ಒಂದು ರಟ್ಟು ಹಾಸಿಟ್ಟಿದ್ದೇನೆ. ಪ್ರತಿದಿನ ಬೆಳಿಗ್ಗೆ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತೇನೆ. ನೋಡಿದವರು ನಗುತ್ತಾರೆ. ಆದರೆ ಈ ರಟ್ಟಿನಿಂದಲೇ ಒಂದು ವಿಚಿತ್ರ ಗೊತ್ತಾಯಿತು. ಗಾಡಿಯನ್ನು ಜಾಕ್ ಮೇಲೆ ಎತ್ತಿಟ್ಟ ರಾತ್ರಿಗಳಲ್ಲಿ ಒಂದು ತೊಟ್ಟೂ ಬಿದ್ದಿಲ್ಲ. ಕೆಳಗಿಳಿಸಿ ಚಕ್ರದ ಮೇಲೆ ನಿಲ್ಲಿಸಿದ ರಾತ್ರಿ ಅಂಗೈಯಗಲ ಕಲೆ. ಇದಕ್ಕೇನಾದರೂ ಅರ್ಥ ಇದೆಯೋ ಗೊತ್ತಿಲ್ಲ, ಸುಮ್ನೆ ಹೇಳಿದೆ.

ಚಕ್ರ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿದೆ, ಲೂಸ್ ಇಲ್ಲ. ನನ್ನ ಪ್ರಶ್ನೆ ಇಷ್ಟೇ. ಇನ್ನೂ ಒಳ್ಳೇ ಕ್ವಾಲಿಟಿ ಸೀಲ್ ಹಾಕಬೇಕಾ? ಕಂದು ಬಣ್ಣದ ವಿಟಾನ್ ಸೀಲ್ ಸಿಗುತ್ತದಂತೆ. ಅಥವಾ ಆಯಿಲ್ ಗಟ್ಟಿ ಮಾಡಿದರೆ ನಿಲ್ಲುತ್ತದಾ?

ಎರಡನೇಗೇರ್:

140 ನಂಬರ್ ಆಯಿಲ್ ಹಾಕಿ ಮರೆತುಬಿಡಿ. ನಾನು ಹಾಗೇ ಮಾಡಿದ್ದು. ಸೋರುತ್ತದೆ, ಆದರೆ ನಿಧಾನಕ್ಕೆ ಸೋರುತ್ತದೆ. ತಿಂಗಳಿಗೊಮ್ಮೆ ಟಾಪ್ ಮಾಡಿದರೆ ಮುಗಿಯಿತು.

ನಟ್ಟುಬೋಲ್ಟು:

ಅದು ರಿಪೇರಿ ಅಲ್ಲ ಅಣ್ಣ, ರಾಜಿ. ಹಾಗೆ ಟಾಪ್ ಮಾಡುವುದನ್ನು ಒಂದು ತಿಂಗಳು ಮರೆತರೆ ಗೇರ್ ಹೋಗುತ್ತದೆ. ಟೈರಿನ ರಬ್ಬರಿಗೂ ಆಯಿಲ್ ಆಗಿಬರಲ್ಲ.

ಹಳೇಗಾಡಿ ಅವರೇ, ಮೊದಲು ಆಯಿಲ್ ಸೀಲಿನಿಂದಲೇ ಬರುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಯಿಲ್ ಮೇಲೆಲ್ಲೋ ಹುಟ್ಟಿ ಕೆಳಗೆಲ್ಲೋ ತೊಟ್ಟಿಕ್ಕುತ್ತದೆ. ಹೌಸಿಂಗ್‌ನ ಎರಡು ಹೋಳು ಸೇರುವ ಜಾಯಿಂಟ್ ಇರುತ್ತದೆ, ಬ್ರೇಕ್ ಶಾಫ್ಟಿನ ಸೀಲ್ ಇರುತ್ತದೆ. ಅಲ್ಲಿಂದ ಹೊರಟ ಆಯಿಲ್ ಆಕ್ಸಲ್ ಕೊಳವೆಯ ಮೇಲೆ ಹರಿದು ಚಕ್ರದ ಹತ್ತಿರ ಬೀಳಬಹುದು. ಚಕ್ರ ತೆಗೆದು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಚಕ್ರ ಹಾಕಿ ಹತ್ತು ನಿಮಿಷ ಓಡಿಸಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲೇ ಸೋರಿಕೆ.

ಇನ್ನೊಂದು, ಬ್ರೀದರ್ ನೋಡಿದಿರಾ? ಗೇರ್‌ಬಾಕ್ಸ್ ಮೇಲೆ ಸಣ್ಣ ಟೋಪಿಯ ಹಾಗಿರುತ್ತದೆ. ಓಡಿಸುವಾಗ ಆಯಿಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗುವ ದಾರಿ ಬ್ರೀದರ್. ಮಣ್ಣು ಕಟ್ಟಿಕೊಂಡಿದ್ದರೆ ಗಾಳಿ ಆಯಿಲನ್ನು ಸೀಲಿನ ಕಡೆಯಿಂದ ತಳ್ಳುತ್ತದೆ. ಎಂಥಾ ಹೊಸ ಸೀಲ್ ಆದರೂ ಅದರ ಮುಂದೆ ನಿಲ್ಲಲ್ಲ.

ಹಳೇಗಾಡಿ:

ಪೌಡರ್ ಐಡಿಯಾ ಬೊಂಬಾಟ್. ಮಾಡಿದೆ. ಸೀಲಿನಿಂದಲೇ, ಅದೂ ಸೀಲಿನ ಕೆಳಭಾಗದಿಂದ. ಗಡಿಯಾರಕ್ಕೆ ಹೋಲಿಸಿದರೆ ಸರಿಯಾಗಿ 6 ಗಂಟೆಯ ಜಾಗ. ಮೇಲ್ಭಾಗದ ಪೌಡರ್ ಹಾಗೇ ಬೆಳ್ಳಗಿದೆ.

ಬ್ರೀದರ್ ಬಿಚ್ಚಿ ಬಾಯಿಂದ ಊದಿದೆ. ಗಾಳಿ ಸರಾಗವಾಗಿ ಹೋಗುತ್ತಿದೆ. ಅದು ಕಟ್ಟಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು, ಇಷ್ಟಕ್ಕೇ ಮುಗಿಯುತ್ತಿತ್ತು.

ಗ್ರೀಸ್‌ಕೈ:

ನಿಮ್ಮ ರಟ್ಟಿನ ವಿಷಯಕ್ಕೆ ಬರೋಣ. ನೀವು ಸುಮ್ನೆ ಹೇಳಿದ್ದರಲ್ಲೇ ಉತ್ತರ ಇದೆ ಅನಿಸುತ್ತಿದೆ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಜಾಕ್ ಹಾಕಿದ್ದು ಎಡಗಡೆ ಒಂದಕ್ಕೇನಾ, ಎರಡೂ ಕಡೆಗಾ? ಎಡಗಡೆ ಮಾತ್ರ ಎತ್ತಿದ್ದರೆ ಆಯಿಲ್ ಬಲಗಡೆಗೆ ಹರಿದಿರುತ್ತದೆ. ಆಗ ಎಡ ಸೀಲ್ ಸೋರದೇ ಇರುವುದರಲ್ಲಿ ವಿಶೇಷ ಏನೂ ಇಲ್ಲ.

ಎರಡನೆಯದು, ಚಕ್ರ ಅಲ್ಲಾಡಿಸಿ ನೋಡಿದೆ ಅಂದಿರಿ. ಆಗ ಚಕ್ರ ನೆಲದ ಮೇಲಿತ್ತಾ, ಗಾಳಿಯಲ್ಲಿತ್ತಾ?

ಹಳೇಗಾಡಿ:

ಜಾಕ್ ಎರಡೂ ಕಡೆ. ಎರಡು ಸ್ಟ್ಯಾಂಡ್ ಇಟ್ಟು ಸಮ ಮಾಡಿದ್ದೆ.

ಅಲ್ಲಾಡಿಸಿದಾಗ ಚಕ್ರ ನೆಲದ ಮೇಲೇ ಇತ್ತು. ಅದು ತಪ್ಪಾ?

ಗ್ರೀಸ್‌ಕೈ:

ತಪ್ಪು. ಗಾಡಿಯ ಅಷ್ಟೂ ಭಾರ ಆಕ್ಸಲ್ ಮೇಲೆ ಕೂತಿರುವಾಗ ಅದು ಅಲ್ಲಾಡುವುದಾದರೂ ಹೇಗೆ?

ಲೆಕ್ಕ ಹೀಗಿದೆ. ನೆಲ ಚಕ್ರವನ್ನು ಮೇಲಕ್ಕೆ ಒತ್ತುತ್ತದೆ, ಗಾಡಿಯ ಭಾರ ಹೌಸಿಂಗನ್ನು ಕೆಳಕ್ಕೆ ಒತ್ತುತ್ತದೆ. ಆಕ್ಸಲ್ ಶಾಫ್ಟ್ ತಿರುಗುವುದು ಬುಷ್ ಅನ್ನುವ ಲೋಹದ ಬಳೆಯೊಳಗೆ. ಹಾಗಾಗಿ ಶಾಫ್ಟ್ ಯಾವಾಗಲೂ ಬುಷ್‌ನ ಮೇಲ್ಭಾಗವನ್ನು ಉಜ್ಜುತ್ತಾ ತಿರುಗುತ್ತದೆ. ವರ್ಷಗಳು ಕಳೆದ ಹಾಗೆ ಬುಷ್‌ನ ಮೇಲ್ಭಾಗ ಸವೆಯುತ್ತದೆ. ಶಾಫ್ಟ್ ಮೇಲಕ್ಕೆ ಸರಿಯುತ್ತದೆ. ಸೀಲ್ ಮಾತ್ರ ಹೌಸಿಂಗ್‌ನಲ್ಲಿ ತನ್ನ ಜಾಗದಲ್ಲೇ ಇರುತ್ತದೆ. ಅದರ ತುಟಿ ಮೇಲೆ ಅಮುಕಿಕೊಳ್ಳುತ್ತದೆ, ಕೆಳಗೆ ಬಿಟ್ಟುಕೊಳ್ಳುತ್ತದೆ. ನಿಮ್ಮ 6 ಗಂಟೆಯ ಜಾಗ ಅದೇ.

ಹೌಸಿಂಗ್ ಹಿಡಿದು ಎತ್ತಿದಾಗ ಚಕ್ರ ಜೋತುಬೀಳುತ್ತದೆ, ಶಾಫ್ಟ್ ಕೆಳಗಿಳಿಯುತ್ತದೆ, ಕೆಳಗಿನ ಸಂದಿ ಮುಚ್ಚುತ್ತದೆ. ಗ್ಯಾಪ್ ಮೇಲುಗಡೆ ಹೋಯಿತು, ಆಯಿಲ್ ಅಲ್ಲಿಯವರೆಗೆ ಇಲ್ಲ. ಅದಕ್ಕೇ ಆ ರಾತ್ರಿಗಳಲ್ಲಿ ರಟ್ಟು ಒಣಗಿರುವುದು. ನಿಮ್ಮ ಸೀಲ್ ಎರಡೂ ಸಲ ಒಳ್ಳೆಯದೇ ಇತ್ತು ಅಂತ ನನ್ನ ಅನುಮಾನ. ವಿಟಾನ್ ಹಾಕಿದರೆ ಬಿಸಿ ತಡೆಯುತ್ತದೆ ಅಷ್ಟೇ. ಈ ಗೇರ್‌ಬಾಕ್ಸ್ ಅಷ್ಟು ಬಿಸಿ ಆಗುವುದೇ ಇಲ್ಲ. ಓಡಾಡುವ ಶಾಫ್ಟನ್ನು ಯಾವ ರಬ್ಬರೂ ಬೆನ್ನಟ್ಟಲ್ಲ.

ಚಕ್ರ ಗಾಳಿಯಲ್ಲಿರುವಾಗ ಟೈರಿನ ಕೆಳಗೆ ಕಬ್ಬಿಣದ ರಾಡ್ ಕೊಟ್ಟು ಮೇಲಕ್ಕೆ ಮೀಟಿ, ಬಿಡಿ. ಮತ್ತೆ ಮೀಟಿ. ಯಾರಾದರೂ ಟಾರ್ಚ್ ಹಿಡಿದು ಸೀಲಿನ ಹತ್ತಿರ ನೋಡಲಿ. ಒಳಗೆ-ಹೊರಗೆ ಸ್ವಲ್ಪ ಸರಿದಾಡಿದರೆ ತಲೆ ಕೆಡಿಸಿಕೊಳ್ಳಬೇಡಿ, ಅಷ್ಟು ಇರಬೇಕು. ಮೇಲೆ-ಕೆಳಗೆ ಕಣ್ಣಿಗೆ ಕಾಣುವಷ್ಟು ಆಡಿದರೆ ಬುಷ್ ಹೋಗಿದೆ.

ಒಂದು ಎಚ್ಚರಿಕೆ. ಹಿಂದಿನ ಒಂದೇ ಚಕ್ರ ಎತ್ತಿ, ಪಾರ್ಕಿಂಗ್ ಬ್ರೇಕ್ ಹಾಕಿದೆ ಅಂತ ನಂಬಿ ಕೆಳಗೆ ಕೂರಬೇಡಿ. ಇಂಥ ಗಾಡಿಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಗೇರ್‌ಬಾಕ್ಸಿನಲ್ಲಿರುತ್ತದೆ, ಡಿಫರೆನ್ಷಿಯಲ್‌ಗಿಂತ ಮೊದಲು. ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗಿದರೆ ನೆಲದ ಮೇಲಿರುವುದು ಮುಂದಕ್ಕೆ ಉರುಳುತ್ತದೆ, ಬ್ರೇಕ್ ನೋಡುತ್ತಾ ಕೂತಿರುತ್ತದೆ. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಅವುಗಳ ಹಿಂದೆ ಮುಂದೆ ಕಲ್ಲು ಕೊಡಿ. ನನ್ನ ಕಾಲ ಮೇಲೆ ಒಮ್ಮೆ ಹತ್ತಿದೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಹಳೇಗಾಡಿ:

ಮೀಟಿ ನೋಡಿದೆ. ಟಕ್ ಅಂತ ಶಬ್ದ ಬಂತು. ಮಗಳು ಟಾರ್ಚ್ ಹಿಡಿದಿದ್ದಳು, "ಅಪ್ಪಾ, ಕಂಬಿ ಕುಣೀತಿದೆ" ಅಂದಳು. ಸೀಲಿನ ಅಂಚಿನಿಂದ ಶಾಫ್ಟಿನವರೆಗೆ ವರ್ನಿಯರ್ ಹಿಡಿದು ಎರಡೂ ಸ್ಥಿತಿಯಲ್ಲಿ ಅಳೆದೆ. 0.8 ಮಿಲಿಮೀಟರ್ ವ್ಯತ್ಯಾಸ. ಮೂರು ಸಲ ಅಳೆದೆ, ಅಷ್ಟೇ ಬಂತು.

ಎರಡು ತಿಂಗಳಿಂದ ಸೀಲನ್ನೇ ಬೈಯುತ್ತಿದ್ದೆ.

ತಪ್ಪೊಪ್ಪಿಗೆ ಒಂದಿದೆ. ಈ ಗಾಡಿಗೆ ಎರಡು ವರ್ಷ ಗೇರ್ ಆಯಿಲ್ ನೋಡಿರಲಿಲ್ಲ. ಗೇರ್‌ಬಾಕ್ಸಿನಲ್ಲಿ ಆಯಿಲ್ ಎಲ್ಲಿ ಹೋಗುತ್ತದೆ ಅಂತ ಅಂದುಕೊಂಡಿದ್ದೆ. ಮೊದಲ ಸಲ ಲೆವೆಲ್ ಪ್ಲಗ್ ಬಿಚ್ಚಿದಾಗ ಬೆರಳು ಬಗ್ಗಿಸಿ ಒಳಗೆ ಹಾಕಿದರೂ ಆಯಿಲ್ ಸಿಗಲಿಲ್ಲ. ಅಷ್ಟು ದಿನ ಬುಷ್ ಒಣಗಿಕೊಂಡೇ ತಿರುಗಿರಬೇಕು. ಜೊತೆಗೆ ಚಕ್ರಕ್ಕೆ ಎರಡು ಕಬ್ಬಿಣದ ವೇಟ್ ಹಾಕಿದ್ದೇನೆ, ಮಣ್ಣು ತುಂಬಿದ ಟ್ರೈಲರ್ ಕೂಡ ಎಳೆಯುತ್ತೇನೆ. ಅದರಿಂದಲೂ ಸವೆದಿರಬಹುದಾ?

ಗ್ರೀಸ್‌ಕೈ:

ಚಕ್ರಕ್ಕೇ ಬೋಲ್ಟ್ ಮಾಡಿದ ವೇಟ್‌ನ ಭಾರ ಟೈರಿನಿಂದ ನೇರ ನೆಲಕ್ಕೆ ಹೋಗುತ್ತದೆ, ಬುಷ್ ಮೇಲೆ ಕೂರಲ್ಲ. ಟ್ರೈಲರಿನ ಮೂಗು ಹುಕ್ಕಿನ ಮೇಲೆ ಹೇರುವ ಭಾರ ಮಾತ್ರ ಪೂರ್ತಿ ಬುಷ್‌ಗೇ. ಮಣ್ಣನ್ನು ಟ್ರೈಲರಿನ ಮುಂಭಾಗಕ್ಕೆ ಸುರಿಯಬೇಡಿ, ಚಕ್ರಗಳ ಮೇಲೆ ಬರುವ ಹಾಗೆ ಹರಡಿ. ಆದರೆ ಮುಖ್ಯ ಅಪರಾಧಿ ಆ ಎರಡು ವರ್ಷವೇ.

ಈಗ ನಿಮ್ಮ ಅದೃಷ್ಟ ನೋಡಬೇಕು. ಕೆಲವು ಗಾಡಿಗಳಲ್ಲಿ ಬುಷ್ ಸೀಲಿನ ಹಿಂದೆಯೇ ಇರುತ್ತದೆ, ಹೊರಗಿನಿಂದ ತೆಗೆಯಬಹುದು. ಕೆಲವದರಲ್ಲಿ ಇಡೀ ಗೇರ್‌ಬಾಕ್ಸ್ ಇಳಿಸಿ ಎರಡು ಹೋಳು ಮಾಡಬೇಕು. ಹಬ್ (ಶಾಫ್ಟಿನ ತುದಿಯಲ್ಲಿ ಚಕ್ರ ಕೂರುವ ಭಾಗ) ಬಿಚ್ಚಿ, ಸೀಲ್ ತೆಗೆದು ಫೋಟೋ ಹಾಕಿ.

ಲೇತ್‌ಮನೆ:

ಸೀಲ್ ತೆಗೆಯುವಾಗ ಸ್ಕ್ರೂಡ್ರೈವರ್ ಚುಚ್ಚಿ ಶಾಫ್ಟಿಗೆ ಗೀರು ಮಾಡಬೇಡಿ. ಬಹಳ ಜನ ಅಲ್ಲೇ ಕೆಡಿಸುವುದು. ಸೀಲಿನ ಮುಖದ ತಗಡಿಗೆ ಎರಡೂವರೆ ಮಿಲಿಮೀಟರಿನ ತೂತು ಹೊಡೆಯಿರಿ. ಬಿಟ್‌ನ ತುದಿಗೆ ಗ್ರೀಸ್ ಹಚ್ಚಿ, ಲೋಹದ ಚೂರು ಅದಕ್ಕೇ ಅಂಟಿಕೊಂಡು ಬರುತ್ತದೆ. ತಗಡು ತೂತಾದ ಕೂಡಲೇ ನಿಲ್ಲಿಸಿ. ತೂತಿಗೆ ಒಂದು ಸ್ಕ್ರೂ ತಿರುಗಿಸಿ, ಪ್ಲೈಯರ್‌ನಲ್ಲಿ ಹಿಡಿದು ಎಳೆಯಿರಿ. ಬಂದುಬಿಡುತ್ತದೆ.

ಆಮೇಲೆ ಸೀಲಿನ ತುಟಿ ಕೂರುತ್ತಿದ್ದ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದರೆ ಅಲ್ಲಿ ಗೆರೆ ಬಿದ್ದಿದೆ. ಬುಷ್ ಸರಿಮಾಡಿದರೂ ಆ ಗೆರೆಯಿಂದ ಸೋರುತ್ತದೆ.

ಹಳೇಗಾಡಿ:

ನಾಲ್ಕು ದಿನ ನಾಪತ್ತೆಯಾಗಿದ್ದಕ್ಕೆ ಕ್ಷಮಿಸಿ. ಹಬ್ ಬರಲೇ ಇಲ್ಲ! ಎರಡನೇ ಸೀಲ್ ಹಾಕುವಾಗ ಶಾಫ್ಟಿಗೆ ಗ್ರೀಸ್ ಹಚ್ಚದೆ ಹಾಗೇ ಹಾಕಿದ್ದೆ, ಆಮೇಲೆ ಮಳೆ ನೀರು ಇಳಿದಿತ್ತು. ದಿನಾ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಪುಲ್ಲರ್ (ಹಬ್ ಎಳೆದು ತೆಗೆಯುವ ಸಾಧನ) ಬಿಗಿ ಮಾಡಿ ಹಾಗೇ ಬಿಟ್ಟು ಮಲಗಿದೆ. ಸುತ್ತಿಗೆಯಲ್ಲಿ ಹೊಡೆಯುವ ಆಸೆ ಬಹಳ ಆಗಿತ್ತು. ಶಾಫ್ಟಿನ ತುದಿ ಮೊಳೆಯ ತಲೆಯ ಹಾಗೆ ಅರಳಿದರೆ ಹಬ್ ಇನ್ನೆಂದೂ ಬರಲ್ಲ ಅಂತ ನೆನಪಾಗಿ ಕೈ ಕಟ್ಟಿಕೊಂಡೆ. ನಾಲ್ಕನೇ ದಿನ ಬೆಳಿಗ್ಗೆ ಪುಲ್ಲರ್ ಇನ್ನು ಕಾಲು ಸುತ್ತು ಬಿಗಿ ಮಾಡಿದೆ. ಗುಂಡು ಹಾರಿದ ಹಾಗೆ ಸದ್ದು ಮಾಡಿ ಬಿಟ್ಟಿತು.

ಸ್ಕ್ರೂ ಉಪಾಯದಲ್ಲಿ ಸೀಲ್ ಒಂದೇ ಎಳೆತಕ್ಕೆ ಬಂತು. ಅದರ ಹಿಂದೆಯೇ ಬುಷ್ ಇದೆ, ಹೊರಗಡೆ ಸಣ್ಣ ಕಾಲರ್ ಕೂಡ ಇದೆ. ಅದೃಷ್ಟ ಅಂದುಕೊಳ್ಳುತ್ತೇನೆ. ಫೋಟೋದಲ್ಲಿ ನೋಡಿ, ಬುಷ್‌ನ ಗೋಡೆ ಕೆಳಗೆ ದಪ್ಪ, ಮೇಲೆ ತೆಳು. ಅಮಾವಾಸ್ಯೆ ಕಳೆದ ಮೂರನೇ ದಿನದ ಚಂದ್ರನ ಹಾಗೆ. ಶಾಫ್ಟಿನ ಮೇಲೆ ಉಗುರು ತಡೆಯುತ್ತಿದೆ. ಸೀಲ್ ಕೂರುವ ಹೊಂಡದ ತಳದಲ್ಲಿ ಮೆಟ್ಟಿಲು ಇದೆ. ಹಾಗಾಗಿ ಸೀಲನ್ನು ಇನ್ನೂ ಒಳಗೆ ತಳ್ಳಿ ಗೆರೆ ತಪ್ಪಿಸಲು ಆಗಲ್ಲ.

ಲೇತ್‌ಮನೆ:

ಗೆರೆಗೆ ತೆಳು ಸ್ಟೀಲ್ ಸ್ಲೀವ್ ಸಿಗುತ್ತದೆ, ರಿಪೇರಿ ಸ್ಲೀವ್ ಅಂತ ಕೇಳಿ. ಸುಮಾರು ಕಾಲು ಮಿಲಿಮೀಟರ್ ದಪ್ಪ. ಗೆರೆಯ ಮೇಲೆ ಹೊದಿಸಿದರೆ ತುಟಿಗೆ ಹೊಸ ನುಣುಪು ಮೈ ಸಿಗುತ್ತದೆ. ಅಷ್ಟು ತೆಳು ಆದ್ದರಿಂದ ಸೀಲ್ ಅದೇ ಸೈಜಿನದು ಸಾಕು.

ರೆಡಿ ಬುಷ್ ಸಿಗದಿದ್ದರೆ ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ತಂದು ಲೇತಿನಲ್ಲಿ ಕಡೆಸಿ. ಕಡೆಯುವವರಿಗೆ ಒಂದು ಮಾತು ಹೇಳಿ. ಹೌಸಿಂಗ್‌ಗೆ ಒತ್ತಿ ಕೂರಿಸಿದ ಮೇಲೆ ಬುಷ್‌ನ ಒಳತೂತು ಸ್ವಲ್ಪ ಕಿರಿದಾಗುತ್ತದೆ. ನಿಮ್ಮ ಶಾಫ್ಟ್ ಅಲ್ಲೇ ಇರುವುದರಿಂದ ಆಮೇಲೆ ರೀಮರ್ (ತೂತನ್ನು ನಯವಾಗಿ ದೊಡ್ಡದು ಮಾಡುವ ಉಪಕರಣ) ಹಾಕಲು ಜಾಗ ಇಲ್ಲ. ಮೊದಲೇ ಅದಕ್ಕೆ ಲೆಕ್ಕ ಇಟ್ಟು ಕಡೆಯಬೇಕು.

ಹಳೇ ಬುಷ್ ಬಿಗಿ ಇದ್ದರೆ ಹೌಸಿಂಗ್‌ಗೆ ಹಾಟ್ ಏರ್ ಗನ್ ಹಿಡಿಯಿರಿ. ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಬುಷ್ ಸಡಿಲವಾಗುತ್ತದೆ. ಬೆಂಕಿ ಬೇಡ, ಪೆಟ್ರೋಲ್ ಟ್ಯಾಂಕ್ ಹತ್ತಿರದಲ್ಲೇ ಇದೆ.

ಎರಡನೇಗೇರ್:

ನನ್ನ ಗಾಡಿಯ ಚಕ್ರವನ್ನೂ ಈಗಷ್ಟೇ ಮೀಟಿ ನೋಡಿ ಬಂದೆ. ಟಕ್ ಅಂತು.

ಹಳೇಗಾಡಿ:

ಮುಗಿಸಿದೆ. ಮುಂದೆ ಯಾರಾದರೂ ಇದೇ ಹುಡುಕಿಕೊಂಡು ಬಂದರೆ ಇರಲಿ ಅಂತ ಬರೆಯುತ್ತಿದ್ದೇನೆ.

ಬುಷ್ ಬಿಸಿಗೆ ಬಿಟ್ಟುಕೊಂಡಿತು. ಕಾಲರ್ ಕೆಳಗೆ ಎರಡು ಕಡೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಸ್ವಲ್ಪ ಸ್ವಲ್ಪವೇ ಮೀಟಿದೆ. ಹೊಸ ಬುಷ್ ಕಡೆಸಿದ್ದು. ಅದನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಹೌಸಿಂಗ್ ಬಿಸಿ ಮಾಡಿ, ಕೊಳವೆಯ ತುಂಡಿನಿಂದ ತಟ್ಟಿದೆ. ಮೂರೇ ಏಟಿಗೆ ಕೂತಿತು. ಆಮೇಲೆ ಸ್ಲೀವ್, ಕೊನೆಗೆ ಸೀಲ್. ಈ ಕ್ರಮ ತಪ್ಪಿಸಬೇಡಿ. ಸ್ಲೀವ್ ಮೊದಲು ಹಾಕಿದರೆ ಬುಷ್ ಅದರ ಮೇಲೆ ದಾಟಲ್ಲ.

ಸೀಲ್ ವಿಷಯದಲ್ಲಿ ನಾನು ಹಿಂದೆ ಮಾಡಿದ್ದ ತಪ್ಪು ಈಗ ಗೊತ್ತಾಯಿತು. ತೆಗೆದ ಸೀಲಿನ ತುಟಿಯ ಹಿಂದೆ ಇರಬೇಕಾದ ಸಣ್ಣ ಸುರುಳಿ ಸ್ಪ್ರಿಂಗ್ ಜಾಗ ಬಿಟ್ಟು ಪಕ್ಕಕ್ಕೆ ಬಿದ್ದಿತ್ತು. ಒಂದೇ ಕಡೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದರ ಫಲ. ಮೆಕ್ಯಾನಿಕ್ ಹಾಕಿದ್ದು ಮೂರು ವಾರ ಬಾಳಿದರೆ ನನ್ನದು ಹನ್ನೆರಡೇ ದಿನ ಯಾಕೆ ಬಂತು ಅಂತ ಈಗ ಅರ್ಥವಾಯಿತು. ಈ ಸಲ ಸ್ಪ್ರಿಂಗ್ ಮೇಲೆ ಗ್ರೀಸ್ ತುಂಬಿದೆ, ಅದು ಹಾರಲಿಲ್ಲ. ಶಾಫ್ಟಿನಲ್ಲಿ ಕೀ (ಹಬ್ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ತೋಡಿನ ಅಂಚು ಬ್ಲೇಡಿನ ಹಾಗಿರುತ್ತದೆ. ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ, ಗ್ರೀಸ್ ಸವರಿ, ಅದರ ಮೇಲೆ ಸೀಲ್ ಜಾರಿಸಿದೆ. ಸ್ಪ್ರಿಂಗ್ ಇರುವ ಮುಖ ಆಯಿಲಿನ ಕಡೆಗೆ. ದೊಡ್ಡ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿದೆ. ಹಬ್ ಹಾಕುವ ಮೊದಲು ಶಾಫ್ಟಿಗೆ ಗ್ರೀಸ್ ಬಳಿದೆ. ಸ್ವಲ್ಪ ಅಲ್ಲ, ಚೆನ್ನಾಗಿಯೇ.

ಆಯಿಲ್ 90 ನಂಬರೇ, ಲೆವೆಲ್ ಪ್ಲಗ್‌ನ ಅಂಚಿನವರೆಗೆ, ಅದಕ್ಕಿಂತ ಮೇಲೆ ಇಲ್ಲ. ಹೊಸ ರಟ್ಟು ಹಾಸಿ ಇವತ್ತಿಗೆ 26 ದಿನ. ಪೆನ್ಸಿಲಿಗೆ ಕೆಲಸ ಇಲ್ಲ.

ಬಲಗಡೆ ಚಕ್ರವನ್ನೂ ಮೀಟಿ ಅಳೆದೆ. ಅಲ್ಲಿ ಸೋರಿಕೆ ಇಲ್ಲ, ಆದರೆ 0.4 ಬಂತು. ಎರಡು ಬುಷ್ ಒಟ್ಟಿಗೇ ಕಡೆಸಿದ್ದರಿಂದ ಒಂದು ಮನೆಯಲ್ಲೇ ಇದೆ. ಆದರೆ ಇನ್ನೊಂದು ಹಬ್ ಜೊತೆ ನಾಲ್ಕು ದಿನ ಗುದ್ದಾಡಲು ಸದ್ಯಕ್ಕೆ ಮನಸ್ಸಿಲ್ಲ.

ಗ್ರೀಸ್‌ಕೈ:

ಮನಸ್ಸು ಬರುವವರೆಗೆ ಕಾಯಿರಿ, ಪರವಾಗಿಲ್ಲ. ಆದರೆ ಆ ಹಬ್‌ಗೆ ಸ್ಪ್ರೇ ಹೊಡೆಯುವುದು ಮಾತ್ರ ಇವತ್ತಿನಿಂದಲೇ ಶುರು ಮಾಡಿ. ವಾರಕ್ಕೊಮ್ಮೆ ಸಾಕು.